ಹವ್ಯಾಸದ ಕಟ್ಟೆ: ಗಿರಕಿ ಹೊಡೆಯುವ ಪಟ, ಅಜ್ಜಿಯ ಬೆಳ್ಳಿ ರೂಪಾಯಿ, 525 ಪಟ್ಟಿನ ಸುಳ್ಳು

ಈ ಸಲದ ಪ್ರಶ್ನೆಗಳೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದೆ. ‘ಯಾವ ಕಂಪನಿಯದು ಕೊಳ್ಳಲಿ’ ಎನ್ನುವ ಪ್ರಶ್ನೆಗಳನ್ನು ಬಿಟ್ಟಿದೆ.

ಪ್ರಶ್ನೆ: ಆಷಾಢದ ಗಾಳಿಗೆ ಮಗನ ಜೊತೆ ಕೂತು ಪಟ ಕಟ್ಟಿದೆ. ಅಂಗಡಿ ಪಟ ನೆಟ್ಟಗೆ ಏರುತ್ತೆ. ನಮ್ಮದು ತೆಂಗಿನ ಮರದೆತ್ತರ ಹೋಗೋದರೊಳಗೆ ಗಿರಗಿರ ತಿರುಗಿ ತಲೆಕೆಳಗಾಗಿ ಬೀಳುತ್ತೆ. ಬಾಲಂಗೋಚಿ ಉದ್ದ ಮಾಡಿದ್ರೂ ಅಷ್ಟೇ. ತಪ್ಪು ಎಲ್ಲಿದೆ?
— ಕೆ.ಟಿ.ಜೆ. ನಗರ, ದಾವಣಗೆರೆ

ಉತ್ತರ: ಬಾಲಂಗೋಚಿಯ ಮಾತು ಆಮೇಲೆ. ಮನೆಯಲ್ಲಿ ಕಟ್ಟಿದ ಪಟ ಗಿರಕಿ ಹೊಡೆದರೆ ಮೊದಲು ಅನುಮಾನಪಡಬೇಕಾದ್ದು ಬಿಲ್ಲುಕಡ್ಡಿಯ, ಅಂದರೆ ಬಿಲ್ಲಿನಂತೆ ಬಗ್ಗಿಸಿ ಅಡ್ಡಲಾಗಿ ಕಟ್ಟುವ ಕಡ್ಡಿಯ ಮೇಲೆ. ಅದರ ಎಡ ಬಲ ಒಂದೇ ಸಮ ಬಾಗದಿದ್ದರೆ, ಮೆತ್ತಗಿರುವ ಕಡೆ ಹೆಚ್ಚು ಹಿಂದಕ್ಕೆ ಬಾಗಿ ಗಾಳಿಯನ್ನು ಜಾರಿಸಿಬಿಡುತ್ತದೆ. ಪಟ ಆ ಕಡೆಗೇ ವಾಲುತ್ತದೆ, ವಾಲಿದ್ದು ತಿರುಗುತ್ತದೆ. ಅದನ್ನು ಬಾಲ ಉದ್ದ ಮಾಡಿ ಸರಿಪಡಿಸಲು ಹೋದರೆ ಪಟ ಮೇಲೇಳುವುದೇ ಇಲ್ಲ.

ಅಳತೆಯಿಂದ ಶುರುಮಾಡಿ. 50 ಸೆಂ.ಮೀ. ಚೌಕದ ಹಾಳೆಯಾದರೆ ಮೂಲೆಯಿಂದ ಮೂಲೆಗೆ 70.7 ಸೆಂ.ಮೀ. ಬರುತ್ತದೆ. ಮೇಲಿನಿಂದ ಕೆಳಕ್ಕೆ ನಿಲ್ಲುವ ನಡುಕಡ್ಡಿ ಅಷ್ಟೇ ಉದ್ದ ಇರಲಿ. ಅಗಲ 4 ಮಿ.ಮೀ., ದಪ್ಪ 2 ಮಿ.ಮೀ. ಸಾಕು. ಬಿಲ್ಲುಕಡ್ಡಿ 78 ಸೆಂ.ಮೀ. ಬೇಕು. ನಡುವೆ 3 ಮಿ.ಮೀ. ಇದ್ದು ಎರಡೂ ತುದಿಗೆ ಬರುತ್ತ 2 ಮಿ.ಮೀ. ಆಗಬೇಕು. ಬಿದಿರಿನ ಗಟ್ಟಿತನವೆಲ್ಲ ಹೊರಸಿಪ್ಪೆಯಲ್ಲಿದೆ. ಹಾಗಾಗಿ ಹೊಳೆಯುವ ಮೈಯನ್ನು ಮುಟ್ಟದೆ ಒಳಮೈಯನ್ನಷ್ಟೇ ಹೆರೆಯಿರಿ. ನಡುಕಡ್ಡಿಯಲ್ಲಿ ಗೆಣ್ಣು ಬಂದರೆ ಅಡ್ಡಿಯಿಲ್ಲ. ಬಿಲ್ಲುಕಡ್ಡಿಯಲ್ಲಿ ಬಂದರೆ ಆ ಸೀಳನ್ನು ಬಿಸಾಕಿ, ಗೆಣ್ಣಿರುವ ಜಾಗ ಬಾಗುವುದಿಲ್ಲ, ಅದರ ಪಕ್ಕದ ಜಾಗ ಮುರಿಯುವಷ್ಟು ಬಾಗುತ್ತದೆ.

ಅಂಟಿಸುವ ಮೊದಲು ಎರಡು ಪರೀಕ್ಷೆ. ಬಿಲ್ಲುಕಡ್ಡಿಯ ನಟ್ಟನಡುವೆ ಪೆನ್ನಿನಲ್ಲಿ ಗುರುತು ಹಾಕಿ, ಆ ಗುರುತನ್ನು ಚಾಕುವಿನ ಬೆನ್ನ ಮೇಲೆ ಇಟ್ಟು ನೋಡಿ. ಯಾವ ಕಡೆ ಇಳಿಯುತ್ತದೋ ಆ ಕಡೆ ಭಾರ. ಆಮೇಲೆ ಎರಡೂ ತುದಿಗೆ ದಾರ ಕಟ್ಟಿ, 70.7 ಸೆಂ.ಮೀ. ಅಂತರಕ್ಕೆ ಬಿಲ್ಲಿನಂತೆ ಬಗ್ಗಿಸಿ, ನೆಲದ ಮೇಲಿಟ್ಟು ಅದರ ಗೆರೆಯನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಈಗ ಬಿಲ್ಲನ್ನು ಮಗುಚಿ, ಎಡತುದಿ ಬಲಕ್ಕೆ ಬರುವಂತೆ ಅದೇ ಗೆರೆಯ ಮೇಲಿಡಿ. ಕೂಡಿದರೆ ಸರಿ. ಎಲ್ಲಿ ಗೆರೆಗಿಂತ ಚಪ್ಪಟೆಯಾಗಿದೆಯೋ ಅಲ್ಲಿ ಕಡ್ಡಿ ಬಿರುಸಾಗಿದೆ. ಅಲ್ಲೇ ಒಳಮೈಯನ್ನು ಒಂದೆರಡು ಎಳೆ ಹೆರೆದು ಮತ್ತೆ ಇಟ್ಟು ನೋಡಿ. ಹೆಚ್ಚಿನವರು ಬಿಡುವ ಕೆಲಸ ಇದೊಂದೇ.

ಅಂಟಿಗೆ ಒಂದು ಚಮಚ ಮೈದಾ, ಐದು ಚಮಚ ನೀರು, ಸಣ್ಣ ಉರಿ. ಬಿಳಿ ಬಣ್ಣ ಹೋಗಿ ಪಾರಕವಾಗುವವರೆಗೆ ಕಲಕಿ. ಹುಳ ಬಾರದಿರಲೆಂದು ಮೈಲುತುತ್ತ ಹಾಕುವ ಪದ್ಧತಿಯಿದೆ, ಆದರೆ ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡ, ಪಟ ಅಷ್ಟು ದಿನ ಉಳಿಯುವುದೂ ಇಲ್ಲ. ನಡುಕಡ್ಡಿಯನ್ನು ಪೂರ್ತಿ ಅಂಟಿಸಿ. ಬಿಲ್ಲುಕಡ್ಡಿಯನ್ನು ಎರಡು ಮೂಲೆಗಳಲ್ಲಿ ಮಾತ್ರ ಕಾಗದದ ತುಂಡಿನಿಂದ ಹಿಡಿಸಿ, ಉದ್ದಕ್ಕೂ ಅಂಟಿಸಬೇಡಿ. ಅದು ಗಾಳಿಗೆ ತಕ್ಕಂತೆ ಬಾಗಲು ಬಿಡುವು ಬೇಕು. ಅಳತೆ ಸರಿಯಿದ್ದರೆ ಬಿಲ್ಲು ನಡುಕಡ್ಡಿಯನ್ನು ಮೇಲ್ತುದಿಯಿಂದ 21 ಸೆಂ.ಮೀ. ಕೆಳಗೆ ದಾಟುತ್ತದೆ. ಅಲ್ಲಿ ದಾರದಿಂದ ಬಿಗಿಯಿರಿ.

ಇನ್ನು ಸೂತ್ರ, ಅಂದರೆ ಹಾರಿಸುವ ದಾರವನ್ನು ಪಟಕ್ಕೆ ಸಿಕ್ಕಿಸುವ ಎರಡೆಳೆಯ ಕಟ್ಟು. ಕಡ್ಡಿಗಳು ಹಾಳೆಯ ಹಿಂದಿರಲಿ, ಗಾಳಿ ಹಾಳೆಗೆ ಬಡಿಯಲಿ. ಮೇಲಿನ ಎಳೆ ಕಡ್ಡಿಗಳು ಕೂಡುವಲ್ಲಿ, ಕೆಳಗಿನದು ಕೆಳತುದಿಯಿಂದ 16 ಸೆಂ.ಮೀ. ಮೇಲೆ. ಮೇಲಿನದು 40 ಸೆಂ.ಮೀ., ಕೆಳಗಿನದು 45-46 ಸೆಂ.ಮೀ. ಬರುವಂತೆ ಗಂಟು ಹಾಕಿ. ಬಾಲ ಕಟ್ಟುವ ಮೊದಲೇ ಆ ಗಂಟು ಹಿಡಿದು ಪಟ ತೂಗುಬಿಡಿ: ಮೇಲ್ತುದಿ ಕೆಳತುದಿಗಿಂತ ಮೂರ್ನಾಲ್ಕು ಬೆರಳು ಎತ್ತರ ನಿಲ್ಲಬೇಕು, ಎಡ ಬಲ ಸಮ ಇರಬೇಕು. ಪಟ ಕೈ ಜಗ್ಗುತ್ತದೆ ಆದರೆ ಏರುವುದಿಲ್ಲ ಎಂದರೆ ಗಂಟನ್ನು ಅರ್ಧ ಸೆಂ.ಮೀ. ಮೇಲಕ್ಕೆ ಸರಿಸಿ. ಏರಿ ತಲೆಯ ಮೇಲೆ ಬಂದು, ದಾರ ಸಡಿಲವಾಗಿ ಮುಂದಕ್ಕೆ ಮಗುಚಿದರೆ ಅರ್ಧ ಸೆಂ.ಮೀ. ಕೆಳಕ್ಕೆ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಬೇಡ.

ಬಾಲಂಗೋಚಿ ಕೆಲಸ ಮಾಡುವುದು ಭಾರದಿಂದಲ್ಲ, ಗಾಳಿಯಲ್ಲಿ ಅದು ಕೊಡುವ ಎಳೆತದಿಂದ. ಹಳೇ ಪಂಚೆಯ ಪಟ್ಟಿಗಿಂತ 3 ಸೆಂ.ಮೀ. ಅಗಲದ ಪೇಪರ್ ಪಟ್ಟಿ ಒಳ್ಳೆಯದು, ಎರಡು ಎರಡೂವರೆ ಮೀಟರ್ ಸಾಕು. ಎಲ್ಲ ಸರಿಯಿದ್ದೂ ಒಂದೇ ಕಡೆ ಸ್ವಲ್ಪ ಎಳೆಯುತ್ತಿದ್ದರೆ ಎದುರಿನ ಮೂಲೆಗೆ ಕಾಗದದ ಕುಚ್ಚು ಅಂಟಿಸಬಹುದು. ಅದು ತಾತ್ಕಾಲಿಕ ಉಪಾಯ, ಕಡ್ಡಿ ಹೆರೆಯುವ ಸೋಮಾರಿತನಕ್ಕೆ ಪರಿಹಾರವಲ್ಲ.

ಗಾಳಿಯನ್ನು ಬೇವಿನ ಮರ ನೋಡಿ ಅಳೆಯಿರಿ. ಎಲೆ, ಸಣ್ಣ ರೆಂಬೆ ಬಿಡುವಿಲ್ಲದೆ ಅಲ್ಲಾಡುತ್ತಿದ್ದರೆ ಗಂಟೆಗೆ 12ರಿಂದ 19 ಕಿ.ಮೀ. ವೇಗ, ಅದೇ ಹದ. ಚಿಕ್ಕ ಮರಗಳೇ ತೂಗಾಡತೊಡಗಿದರೆ 30 ದಾಟಿದೆ ಎಂದರ್ಥ; ಚೌಕದ ತೆಳು ಪಟಕ್ಕೆ ಅದು ಆಗದು. ನಮ್ಮ ಕಡೆ ಆಷಾಢದಲ್ಲಿ ಇಂಥ ದಿನಗಳೇ ಜಾಸ್ತಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ದಾರ ಹತ್ತಿಯದೇ ಇರಲಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಕರೆಂಟ್ ತಂತಿಗೆ ಸಿಕ್ಕ ಪಟವನ್ನು ಕೋಲಿನಿಂದ ಬಿಡಿಸಲು ಹೋಗಬೇಡಿ, ಮಕ್ಕಳಿಗೆ ಇದನ್ನು ಪಟ ಕಟ್ಟುವ ಮೊದಲೇ ಹೇಳಿ.

ಪ್ರಶ್ನೆ: ಅಜ್ಜಿಯ ಟ್ರಂಕಿನಲ್ಲಿ 1918, 1944, 1947ರ ಒಂದೊಂದು ರೂಪಾಯಿ ನಾಣ್ಯ ಸಿಕ್ಕಿವೆ. ಜೊತೆಗೆ ರಾಮ-ಸೀತೆ ಚಿತ್ರ ಇರುವ, ಈಸ್ಟ್ ಇಂಡಿಯಾ ಕಂಪನಿಯ 1818ರ ನಾಣ್ಯ. ಅದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತ ವಾಟ್ಸಾಪಿನಲ್ಲಿ ಬಂದಿದೆ. ಹುಣಸೆಹಣ್ಣು ಹಾಕಿ ತಿಕ್ಕಿ ಇಡಲಾ? ಬೆಳ್ಳಿ ಅಸಲಿಯೋ ಅಂತ ಮನೇಲೇ ತಿಳಿಯೋದು ಹೇಗೆ?
— ಚಿತ್ರದುರ್ಗ

ಉತ್ತರ: ಹುಣಸೆಹಣ್ಣನ್ನು ಸಾರಿಗೆ ಇಟ್ಟುಕೊಳ್ಳಿ. ಹುಳಿ ಕೊಳೆಯನ್ನಷ್ಟೇ ತೆಗೆಯುವುದಿಲ್ಲ, ದಶಕಗಳಿಂದ ಕೂತ ಮೇಲ್ಪದರವನ್ನೂ ತಿನ್ನುತ್ತದೆ. ತಿಕ್ಕಿದ ಗೀರುಗಳು ಭೂತಗನ್ನಡಿಗೆ ಎದ್ದು ಕಾಣುತ್ತವೆ. ಕಪ್ಪಾದ ನಾಣ್ಯಕ್ಕಿಂತ ತಿಕ್ಕಿ ಫಳಫಳ ಮಾಡಿದ ನಾಣ್ಯಕ್ಕೆ ಸಂಗ್ರಾಹಕರು ಕಮ್ಮಿ ಬೆಲೆ ಕಟ್ಟುತ್ತಾರೆ. ಮಣ್ಣು, ಜಿಡ್ಡು ಇದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಒಂದು ರಾತ್ರಿ ನೆನೆಸಿ, ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಒರೆಸಬೇಡಿ.

ನಿಮ್ಮ ಮೂರು ರೂಪಾಯಿಗಳು ಮೂರು ಬೇರೆ ಲೋಹದವು. 1918ರದು ಐದನೇ ಜಾರ್ಜ್ ಕಾಲದ್ದು: ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ 91.7. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ತುಟ್ಟಿಯಾಗಿ, 1940ರಿಂದ ಅದನ್ನು ಶೇ 50ಕ್ಕೆ ಇಳಿಸಿದರು. ಉಳಿದದ್ದು ತಾಮ್ರ, ನಿಕ್ಕಲ್, ಸತು. 1944ರದು ಆ ಪೈಕಿ. 1947ರದು ಅಪ್ಪಟ ನಿಕ್ಕಲ್, ಹಿಂಬದಿಗೆ ಹುಲಿ ಇದೆ. ಆಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಅಂಟಿಕೊಳ್ಳಲೇಬೇಕು. ‘ಆಯಸ್ಕಾಂತಕ್ಕೆ ಹಿಡಿದರೆ ನಕಲಿ’ ಎಂಬ ಮಾತು ನಂಬಿ ಈ ಹುಲಿ ರೂಪಾಯಿಯನ್ನು ಗುಜರಿಗೆ ಹಾಕಿದವರಿದ್ದಾರೆ. ಬೆಳ್ಳಿಯ ರೂಪಾಯಿ ಮಾತ್ರ ಅಂಟಬಾರದು.

ಬೆಳ್ಳಿ ಪರೀಕ್ಷೆಗೆ ಒರೆಗಲ್ಲು ಬೇಡ, ನೀರು ಸಾಕು. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದಿಡಿ. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ಕೈಯಲ್ಲಿ ಹಿಡಿದೇ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ನಾಣ್ಯದ ಗಾತ್ರ ಅಷ್ಟೇ ಘನ ಸೆಂ.ಮೀ. ಒಣ ತೂಕವನ್ನು ಅದರಿಂದ ಭಾಗಿಸಿ. 1918ರ ರೂಪಾಯಿಗೆ 10.3ರ ಸುಮಾರು ಬರಬೇಕು, ಅಂದರೆ ಮುಳುಗಿಸಿದಾಗ 1.13 ಗ್ರಾಂ. 1944ರದಕ್ಕೆ 9.5 ಬರುತ್ತದೆ, ಮುಳುಗಿದಾಗ 1.22. ಹಿತ್ತಾಳೆಗೆ ಬೆಳ್ಳಿ ಲೇಪ ಕೊಟ್ಟದ್ದಾದರೆ 8.5ರ ಆಸುಪಾಸು. ಸವೆದ ನಾಣ್ಯದ ತೂಕ ಇಳಿದಿರುತ್ತದೆ, ಆದರೆ ಭಾಗಲಬ್ಧ ಬದಲಾಗದು. ಈ ಪರೀಕ್ಷೆಯ ಅನುಕೂಲ ಅದೇ. ನಾಣ್ಯದ ಅಡಿಗೆ ಗಾಳಿಗುಳ್ಳೆ ಕೂತರೆ ಲೆಕ್ಕ ತಪ್ಪಿ ಅಸಲಿಯೂ ನಕಲಿಯಂತೆ ಕಾಣುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟರೆ ಗುಳ್ಳೆ ನಿಲ್ಲುವುದಿಲ್ಲ.

1818ರ ರಾಮ-ಸೀತೆ ನಾಣ್ಯ ಹಣವೇ ಅಲ್ಲ. ಇಂಗ್ಲಿಷಿನಲ್ಲಿ ಆಣೆಯ ಬೆಲೆ ಬರೆದು ರಾಮ ಪರಿವಾರವನ್ನೋ ಹನುಮಂತನನ್ನೋ ಕೂರಿಸಿದ ಇಂಥ ನಾಣ್ಯವನ್ನು ಕಂಪನಿ ಟಂಕಿಸಲಿಲ್ಲ. ಇವು ಆಮೇಲೆ ಯಾರೋ ಅಚ್ಚು ಹಾಕಿದ ಬಿಲ್ಲೆಗಳು. ಮದರಾಸಿನಲ್ಲಿ ಕಂಪನಿ ಹೊರಡಿಸಿದ ಪಗೋಡ ಎಂಬ ನಾಣ್ಯಗಳ ಮೇಲೆ ದೇವರ ಮೂರ್ತಿ ಇದ್ದದ್ದು ನಿಜ, ಆದರೆ ಅವು ಬೇರೆಯೇ ಬಗೆಯವು. ನಿಮ್ಮ ಕೈಯಲ್ಲಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ದೇವರ ಮನೆಯಲ್ಲಿಟ್ಟು ಪೂಜೆ ಮಾಡಲು ಅಡ್ಡಿಯೇನಿಲ್ಲ. ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎನ್ನುವ ಸಂದೇಶಕ್ಕೆ ಒಂದು ಪೈಸೆಯನ್ನೂ ಕಳಿಸಬೇಡಿ. ತನ್ನ ಹೆಸರು ಬಳಸಿ ಹಳೇ ನೋಟು-ನಾಣ್ಯದ ವ್ಯಾಪಾರಕ್ಕೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ.

ಇಡುವ ಬಗೆ: ಮೂಗಿಗೆ ಹೊಸ ಚಪ್ಪಲಿಯ ವಾಸನೆ ಹೊಡೆಯುವ ಮೆತ್ತನೆ ಪ್ಲಾಸ್ಟಿಕ್ ಆಲ್ಬಂ ಬೇಡ. ಅದು ಪಿ.ವಿ.ಸಿ.; ನಮ್ಮ ಬೇಸಿಗೆಗೆ ಬೆವೆತು ನಾಣ್ಯದ ಮೇಲೆ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಪಾಲಿಪ್ರೊಪಿಲೀನ್ ಚೀಲ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಹಿಡಿಯುವುದು ಅಂಚಿನಲ್ಲಿ ಮಾತ್ರ.

ಚಿಲ್ಲರೆಯಿಂದಲೇ ಸಂಗ್ರಹ ಶುರುಮಾಡುವವರು ಇಸವಿಯ ಕೆಳಗಿನ ಗುರುತು ನೋಡಲಿ: ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕಿ ನೊಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಬಂತು. ಅಲ್ಲಿಂದ 1964ರವರೆಗಿನ ‘ನಯೇ ಪೈಸೆ’ ಸಾಲನ್ನು ಇಸವಿವಾರು ಜೋಡಿಸುವುದೇ ಒಳ್ಳೆಯ ಮೊದಲ ಗುರಿ. ದುಬಾರಿಯಲ್ಲ, ನಕಲಿಯ ಕಾಟವೂ ಕಡಿಮೆ.

ಇನ್ನೊಂದು ಮಾತು, ಚಿತ್ರದುರ್ಗದವರಾದ್ದರಿಂದ. ಚಂದ್ರವಳ್ಳಿಯಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದ್ದರು. ಹೊಲದಲ್ಲಿ, ಪಾಯದಲ್ಲಿ ಅಂಥದ್ದು ಸಿಕ್ಕರೆ ಅದು ನಿಮ್ಮ ಸಂಗ್ರಹಕ್ಕಲ್ಲ. ನಿಧಿ ಕಾಯ್ದೆಯ ಪ್ರಕಾರ ಹೂತಿಟ್ಟ ಬೆಲೆಬಾಳುವ ವಸ್ತುವಿನ ಸುದ್ದಿ ಜಿಲ್ಲಾಧಿಕಾರಿಗೆ ಮುಟ್ಟಬೇಕು. ಸೀಸದ ನಾಣ್ಯವನ್ನು ತೊಳೆಯಲೂ ಹೋಗಬೇಡಿ, ಮೇಲಿನ ಬಿಳಿ ಪುಡಿಯೂ ವಿಷ.

ಪ್ರಶ್ನೆ: ಆನ್‌ಲೈನಿನಲ್ಲಿ 70 ಮಿ.ಮೀ. ಟೆಲಿಸ್ಕೋಪ್ ತರಿಸಿದೆ. ಡಬ್ಬಿ ಮೇಲೆ ‘525 ಪಟ್ಟು’ ಅಂತಿದೆ. ಹಾಕಿ ನೋಡಿದ್ರೆ ಬರೀ ಕತ್ತಲೆ. ವಾಪಸ್ ಮಾಡಲಾ?
— ಹಿರಿಯೂರು

ಉತ್ತರ: ವಾಪಸ್ ಬೇಡ, ಡಬ್ಬಿಯನ್ನು ಬಿಸಾಕಿ. ನಿಮ್ಮದು 700 ಮಿ.ಮೀ. ನಾಭಿದೂರದ್ದಾಗಿರಬೇಕು. ಆ 700ನ್ನು ಕಣ್ಣಿಡುವ ಮಸೂರದ, ಅಂದರೆ ಐಪೀಸಿನ ಮೇಲೆ ಬರೆದ ಅಂಕಿಯಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ಸಿಗುತ್ತದೆ. 20 ಮಿ.ಮೀ. ಐಪೀಸಿಗೆ 35 ಪಟ್ಟು, 10ಕ್ಕೆ 70, 4ಕ್ಕೆ 175. ಅದಕ್ಕೆ 3 ಪಟ್ಟಿನ ಬಾರ್ಲೋ, ಅಂದರೆ ಪಟ್ಟು ಹೆಚ್ಚಿಸಲು ಐಪೀಸಿನ ಮುಂದೆ ಸೇರಿಸುವ ಮಸೂರ, ಹಾಕಿದರೆ 525 ಆಗುತ್ತದೆ, ಕಾಗದದ ಮೇಲೆ. ಆದರೆ ಮಸೂರದ ಅಗಲದ ಪ್ರತಿ ಮಿಲಿಮೀಟರಿಗೆ 2 ಪಟ್ಟು ದಾಟಿದರೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸ ವಿವರ ಕಾಣದು, ಬೆಳಕೂ ಸಾಯುತ್ತದೆ. 70 ಮಿ.ಮೀ.ಗೆ 140 ಪಟ್ಟೇ ಮಿತಿ. ಗಾಳಿ ಕುದಿಯುವ ರಾತ್ರಿ ಅದೂ ಇಲ್ಲ. ಬಾರ್ಲೋವನ್ನೂ 4 ಮಿ.ಮೀ.ಯನ್ನೂ ಪಕ್ಕಕ್ಕಿಡಿ.

ನಿಮಗೆ ಕತ್ತಲೆ ಕಂಡದ್ದಕ್ಕೆ ಇನ್ನೊಂದು ಕಾರಣವೂ ಇರಬಹುದು: ಫೈಂಡರ್, ಅಂದರೆ ಗುರಿ ಹಿಡಿಯಲು ಕೊಳವೆಯ ಮೇಲಿರುವ ಚಿಕ್ಕ ದುರ್ಬೀನು, ಹೊಂದಿಸಿಲ್ಲ. ಇದನ್ನು ಹಗಲಲ್ಲೇ ಮಾಡಿ. ಒಂದು ಕಿ.ಮೀ.ಗಿಂತ ದೂರದ ಮೊಬೈಲ್ ಟವರ್ ತುದಿಯನ್ನೋ ಗಾಳಿಯಂತ್ರದ ಗುಂಬವನ್ನೋ 20 ಮಿ.ಮೀ. ಐಪೀಸಿನ ನಡುವೆ ತಂದು, ಕಾಲು ಅಲ್ಲಾಡಿಸದೆ, ಫೈಂಡರಿನ ತಿರುಪು ತಿರುಗಿಸಿ ಅದೇ ತುದಿ ಅದರ ನಡುವಿಗೂ ಬರುವಂತೆ ಮಾಡಿ. ಸೂರ್ಯನ ಹತ್ತಿರಕ್ಕೂ ತಿರುಗಿಸಬೇಡಿ. ಕ್ಷಣದಲ್ಲಿ ಕಣ್ಣು ಹೋಗುತ್ತದೆ. ರಾತ್ರಿ ನೋಡುವ ಅರ್ಧ ಗಂಟೆ ಮೊದಲೇ ಟೆಲಿಸ್ಕೋಪನ್ನು ಹೊರಗಿಡಿ, ಕೊಳವೆಯೊಳಗಿನ ಮನೆಯ ಶಾಖ ಆರದಿದ್ದರೆ ಚಿತ್ರ ನಡುಗುತ್ತದೆ. ಸ್ಟ್ಯಾಂಡಿನ ಕಾಲು ಪೂರ್ತಿ ಎಳೆಯದೆ ಕುರ್ಚಿಯ ಮೇಲೆ ಕೂತು ನೋಡಿ, ನಡುವಿನ ಕೊಂಡಿಗೆ ಮರಳು ತುಂಬಿದ ಚೀಲ ತೂಗುಹಾಕಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಚಂದ್ರನನ್ನು ಹುಣ್ಣಿಮೆಯಲ್ಲಿ ನೋಡಬೇಡಿ, ಸಪ್ಪೆ. ಸಪ್ತಮಿ, ಅಷ್ಟಮಿಯಂದು ಬೆಳಕು-ಕತ್ತಲೆ ಕೂಡುವ ಗೆರೆಯ ಮೇಲೆ ಕುಳಿಗಳ ನೆರಳು ಉದ್ದವಾಗಿ ಬಿದ್ದಿರುತ್ತದೆ. ಗುರುವಿನ ನಾಲ್ಕು ಉಪಗ್ರಹಗಳು 35 ಪಟ್ಟಿಗೇ ಸಾಲಾಗಿ ಕಾಣುತ್ತವೆ. ಮಾರನೇ ರಾತ್ರಿ ಜಾಗ ಬದಲಿಸಿರುತ್ತವೆ, ಚಿತ್ರ ಬರೆದಿಡಿ. ಶನಿಗೆ 70 ಪಟ್ಟು ಬೇಕು. 2025ರ ಮಾರ್ಚಿನಲ್ಲಿ ಶನಿಯ ಬಳೆ ನಮ್ಮ ಕಡೆಗೆ ಬರೀ ಅಂಚು ತೋರಿಸಿ ನಿಂತಿತ್ತು, ಆಮೇಲೆ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತದೆ.

ಹಿರಿಯೂರಿನವರಿಗೆ ಸಿಗುವ ದೊಡ್ಡ ಲಾಭ ದಕ್ಷಿಣದ ಆಕಾಶ. ನೀವು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೀರಿ. ಹಾಗಾಗಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ 14 ಡಿಗ್ರಿ ಮಾತ್ರ ಮೇಲಿರುತ್ತದೆ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ 10 ಡಿಗ್ರಿ. ಒಂದೂವರೆ ಮುಷ್ಟಿ ಎಂದಿಟ್ಟುಕೊಳ್ಳಿ. ಫೆಬ್ರವರಿ ಎರಡನೇ ವಾರ ರಾತ್ರಿ ಒಂಬತ್ತಕ್ಕೆ ಅಗಸ್ತ್ಯ ನಕ್ಷತ್ರ ನೇರ ದಕ್ಷಿಣದಲ್ಲಿ 23 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮೇ ನಡುವಿನಲ್ಲಿ ಅದೇ ಹೊತ್ತಿಗೆ, ಅದೇ ದಿಕ್ಕಿನಲ್ಲಿ ತ್ರಿಶಂಕುವಿನ ಶಿಲುಬೆ ನೆಟ್ಟಗೆ ನಿಂತಿರುತ್ತದೆ. ಬುಡದ ನಕ್ಷತ್ರ 13 ಡಿಗ್ರಿ ಮಾತ್ರ ಮೇಲೆ, ಹಾಗಾಗಿ ತೆಂಗಿನ ಸಾಲು ಅಡ್ಡ ಬಂದರೆ ಕಾಣದು. ಅದಾದ ಒಂದು ಗಂಟೆಗೆ, ದಕ್ಷಿಣದಲ್ಲೇ 28 ಡಿಗ್ರಿ ಎತ್ತರದಲ್ಲಿ, 20 ಮಿ.ಮೀ. ಐಪೀಸಿನಲ್ಲಿ ಹುಡುಕಿ: ಒಮೆಗಾ ಸೆಂಟಾರಿ, ಲಕ್ಷಾಂತರ ನಕ್ಷತ್ರಗಳ ಗುಚ್ಛ, ಊದಿದ ಹಿಟ್ಟಿನಂತೆ ಮಸುಕಾಗಿ ಹರಡಿರುತ್ತದೆ. ನೇರ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಡಿದರೆ ಹೆಚ್ಚು ಕಾಣುತ್ತದೆ.

ಇದಕ್ಕಾಗಿ ಕತ್ತಲಲ್ಲಿ ಗುಡ್ಡ ಹತ್ತಬೇಕಿಲ್ಲ. ಊರಿನ ದಕ್ಷಿಣದ ಅಂಚಿನ ಹೊಲಕ್ಕೆ ಹೋಗಿ ಊರಿಗೆ ಬೆನ್ನು ಹಾಕಿ ನಿಂತರೆ ದೀಪದ ಕಾಟ ಬೆನ್ನ ಹಿಂದೆ ಉಳಿಯುತ್ತದೆ. ಜೋಗಿಮಟ್ಟಿಯಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಹೋಗುವಂತಿಲ್ಲ. ಮಸೂರಕ್ಕೆ ಮಂಜು ಕೂತರೆ ಒರೆಸದೆ ಆರಲು ಬಿಡಿ. ಒದ್ದೆಯಿದ್ದಾಗ ಮುಚ್ಚಳ ಹಾಕಿದರೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ಅದು ಗಾಜನ್ನೇ ತಿನ್ನುತ್ತದೆ.

ಪ್ರಶ್ನೆ: ತಾರಸಿ ಕುಂಡದಲ್ಲಿ ದುಂಡುಮಲ್ಲಿಗೆ ಹಚ್ಚಗೆ ಬೆಳೆದಿದೆ, ಮೊಗ್ಗೇ ಇಲ್ಲ. ಹೊಲದ ಎರೆಮಣ್ಣನ್ನೇ ತಂದು ಹಾಕಿದ್ದೀನಿ.
— ಹರಿಹರ

ಉತ್ತರ: ಎರೆಮಣ್ಣು ಹೊಲಕ್ಕೆ ಚೆನ್ನ, ಕುಂಡಕ್ಕಲ್ಲ. ಒದ್ದೆಯಾದರೆ ನೀರು ಬಸಿಯದು, ಒಣಗಿದರೆ ಕುಂಡದ ಗೋಡೆ ಬಿಟ್ಟು ಬಿರಿಯುತ್ತದೆ, ಹಾಕಿದ ನೀರು ಆ ಸಂದಿನಲ್ಲೇ ಇಳಿದುಹೋಗುತ್ತದೆ. 14 ಇಂಚಿನ ಕುಂಡಕ್ಕೆ ಕೆಂಪುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು, ಮರಳು ಒಂದು. ಹಚ್ಚಗಿರುವ ಗಿಡ ಮೊಗ್ಗು ಬಿಡದಿದ್ದರೆ ಸಾರಜನಕ ಹೆಚ್ಚಾಗಿದೆ ಅಥವಾ ಬಿಸಿಲು ಸಾಲದು. ಯೂರಿಯಾ, ಹಸಿ ಸಗಣಿ ನೀರು ನಿಲ್ಲಿಸಿ, ದಿನಕ್ಕೆ ಆರು ಗಂಟೆ ನೇರ ಬಿಸಿಲಿಗೆ ಇಡಿ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ ಹತ್ತು ಹನ್ನೆರಡು ದಿನ ಬಾಡಿಸಿ, ಎಲೆ ಉದುರಿದ ಮೇಲೆ ಮಣ್ಣಿನಿಂದ 45 ಸೆಂ.ಮೀ. ಬಿಟ್ಟು ಕತ್ತರಿಸಿ, ಒಂದು ಹಿಡಿ ಮೂಳೆಪುಡಿ ಕೊಟ್ಟು ನೀರು ಶುರುಮಾಡಿ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಗೆ.

ಪ್ರಶ್ನೆ: ಅಪ್ಪಾಜಿಯ ಹಳೇ ಇಂಕ್ ಪೆನ್ನು ಮೊದಲು ಬರೆಯಲ್ಲ, ಆಮೇಲೆ ಜೇಬಲ್ಲಿ ಸೋರುತ್ತೆ.
— ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ

ಉತ್ತರ: ಬರೆಯದಿರುವುದಕ್ಕೆ ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಒಣಗಿದ ಇಂಕು ಕಾರಣ. ಮೂತಿಯ ಭಾಗವನ್ನು ತಣ್ಣೀರಿನಲ್ಲಿ ಒಂದು ದಿನ ನೆನೆಸಿ, ನೀರು ಬಣ್ಣ ಬಿಡುವುದು ನಿಲ್ಲುವವರೆಗೆ ಬದಲಿಸಿ. ಬಿಸಿನೀರು ಬೇಡ, ಹಳೇ ಪೆನ್ನುಗಳ ಗಟ್ಟಿ ರಬ್ಬರ್, ಅಂದರೆ ಎಬೊನೈಟ್, ಬಣ್ಣಗೆಡುತ್ತದೆ, ಸೊಟ್ಟಗಾಗುತ್ತದೆ. ಸೋರುವುದು ಬೇರೆ ಕಾರಣಕ್ಕೆ. ಕೊಳವೆಯಲ್ಲಿ ನೇರ ಇಂಕು ತುಂಬುವ ಪೆನ್ನಿನಲ್ಲಿ ಇಂಕು ಕಾಲುಭಾಗಕ್ಕೆ ಇಳಿದಾಗ ಉಳಿದ ಜಾಗದ ಗಾಳಿ ಮೈ ಶಾಖಕ್ಕೆ ಹಿಗ್ಗಿ ಇಂಕನ್ನು ಹೊರದಬ್ಬುತ್ತದೆ. ಅರ್ಧವಾದಾಗಲೇ ತುಂಬಿಸಿ, ಕೊಳವೆಯ ತಿರುಪಿನ ಸುತ್ತುಗಳಿಗೆ ಚೂರು ಸಿಲಿಕೋನ್ ಗ್ರೀಸ್ ಹಚ್ಚಿ. ಡ್ರಾಯಿಂಗಿಗೆ ಬಳಸುವ ಇಂಡಿಯನ್ ಇಂಕ್ ಹಾಕಿದರೆ ಅದರ ಅರಗು ಗಟ್ಟಿಯಾಗಿ ಪೆನ್ನು ಮತ್ತೆ ಬಿಚ್ಚುವುದು ಕಷ್ಟ.

ಪ್ರಶ್ನೆ: ಹಕ್ಕಿ ನೋಡೋಕೆ 20x50 ದುರ್ಬೀನು ತಗೊಳ್ಳಲಾ?
— ಜಗಳೂರು

ಉತ್ತರ: ಬೇಡ. 20 ಪಟ್ಟು ಎಂದರೆ ಕೈನಡುಕವೂ 20 ಪಟ್ಟು. 8x42 (8 ಪಟ್ಟು, 42 ಮಿ.ಮೀ. ಮಸೂರ) ತೆಗೆದುಕೊಳ್ಳಿ, ಮುಂಜಾನೆಯ ಮಬ್ಬಿನಲ್ಲೂ ಬೆಳಕು ಸಾಲುತ್ತದೆ. ಎರಡು ಕಣ್ಣಿಗೂ ಹೊಂದಿಸಲು: ಬಲಗಣ್ಣಿನ ಕಡೆಯ ಮಸೂರ ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಐಪೀಸಿನ ಬಳೆ ಮಾತ್ರ ತಿರುಗಿಸಿ. ಆ ಬಳೆಯ ಗುರುತಿಗೆ ಉಗುರುಬಣ್ಣದ ಚುಕ್ಕೆ ಇಟ್ಟರೆ ಮನೆಯವರು ತಿರುಗಿಸಿದರೂ ಮತ್ತೆ ಹುಡುಕಬೇಕಿಲ್ಲ. ಹಕ್ಕಿ ನೋಡಲು ನಿಮ್ಮ ಕಡೆಯ ರಂಗಯ್ಯನದುರ್ಗದ ಕಾಡಿಗೆ ಹೋಗುವುದಾದರೆ, ಅದು ಕೊಂಡುಕುರಿಯ (ನಾಲ್ಕು ಕೊಂಬಿನ ಹುಲ್ಲೆಯ) ಅಭಯಾರಣ್ಯ, ಒಳಗೆ ಹೋಗಲು ಮೊದಲೇ ಅನುಮತಿ ಕೇಳಿ.